ಒಂದು ಪುಸ್ತಕವನ್ನು ಪೂರ್ತಿ ಓದಿ

ಹೊಸ ವರ್ಷದ ಆರಾಧನೆಯಲ್ಲಿ ವಾಗ್ದಾನದ ಚೀಟಿ ಎತ್ತುವುದು ನಮ್ಮಲ್ಲಿ ಬಹಳ ಸಭೆಗಳ ರೂಢಿ. ಅದನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ಐಮಂಗಲ, ಹಿರಿಯೂರು ಕಡೆಯಿಂದ ಬೆಂಗಳೂರಿಗೆ ಕೆಲಸಕ್ಕೆ ಹೋದ ನಮ್ಮ ಹುಡುಗ ಹುಡುಗಿಯರನ್ನು ಮಾತಾಡಿಸಿದಾಗಲೆಲ್ಲ ಒಂದು ಚಿಂತೆ ಕಾಡುತ್ತದೆ. ವರ್ಷಕ್ಕೊಂದು ಚೀಟಿ, ಬೆಳಗಾದರೆ ವಾಟ್ಸಾಪ್‌ನಲ್ಲಿ ಹೂವಿನ ಚಿತ್ರದ ಮೇಲೊಂದು ವಚನ. ನಿಮ್ಮ ಸತ್ಯವೇದ ಇಷ್ಟಕ್ಕೇ ನಿಂತುಬಿಟ್ಟಿದೆ.

ಯೆರೆಮೀಯ 29ನೆಯ ಅಧ್ಯಾಯದ 11ನೆಯ ವಚನ ನಿಮಗೆಲ್ಲ ಬಾಯಿಪಾಠ. ಇಂಟರ್‌ವ್ಯೂಗೆ ಹೋಗುವಾಗ ಅದನ್ನು ಹೇಳಿಕೊಂಡು ಹೋಗುತ್ತೀರಿ. ಕೆಲಸ ಸಿಗದಿದ್ದರೆ ದೇವರೇ ಮಾತಿಗೆ ತಪ್ಪಿದ ಎಂದು ಕುಗ್ಗುತ್ತೀರಿ. ಒಂದೇ ಒಂದು ವಚನ ಹಿಂದಕ್ಕೆ ಹೋಗಿ ನೋಡಿ, ಅಲ್ಲಿ ಎಪ್ಪತ್ತು ವರ್ಷ ಎಂದಿದೆ. ಬಾಬೆಲಿಗೆ ಸೆರೆಯಾಗಿ ಹೋದವರಿಗೆ ಯೆರೂಸಲೇಮಿನಿಂದ ಪ್ರವಾದಿ ಬರೆದ ಕಾಗದ ಅದು. ಅಲ್ಲೇ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿ, ನೀವಿರುವ ಆ ಪರಊರಿನ ಒಳಿತಿಗೆ ಪ್ರಾರ್ಥಿಸಿ ಎಂದು ಅವನು ಬರೆದ. ಅದಕ್ಕೂ ಹಿಂದಿನ ಅಧ್ಯಾಯದಲ್ಲಿ ಹನನ್ಯ ಎಂಬುವನೊಬ್ಬ ಬರುತ್ತಾನೆ. ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ದೇವರ ಹೆಸರಿನಲ್ಲೇ ಹೇಳುತ್ತಾನೆ, ಅದು ಸುಳ್ಳಾಗುತ್ತದೆ. ಈ ತಿಂಗಳೇ ವೀಸಾ, ಈ ವಾರವೇ ಕೆಲಸ ಎಂದು ಯೂಟ್ಯೂಬಿನಲ್ಲಿ ಕೂಗುವವರನ್ನು ಕೇಳುವಾಗ ಹನನ್ಯನನ್ನು ನೆನೆಯಿರಿ. ಎರಡು ಅಧ್ಯಾಯ ಓದಿದವರು ಅಂಥವರ ಮಾತಿಗೆ ಸುಲಭವಾಗಿ ಮರುಳಾಗುವುದಿಲ್ಲ.

ಎಪ್ಪತ್ತು ವರ್ಷ ಕಾಯುವುದೆಂದರೇನು ಎಂದು ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. 1907ರಲ್ಲಿ ಕಟ್ಟಿ ಮುಗಿದ ಮಾರಿಕಣಿವೆ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಹರಿದದ್ದು 2022ರಲ್ಲಿ, 89 ವರ್ಷಕ್ಕೆ. ಮೊದಲಿನ ಕೋಡಿ ಕಂಡವರಲ್ಲಿ ಹೆಚ್ಚಿನವರು ಎರಡನೆಯದಕ್ಕೆ ಉಳಿದಿರಲಿಲ್ಲ. ಆದರೂ ಅವರು ಮಳೆಗಾಲ ಬಂದಾಗಲೆಲ್ಲ ಉತ್ತರು, ಬಿತ್ತಿದರು. ಯೆರೆಮೀಯನ ಕಾಗದ ಓದಿಸಿಕೊಂಡ ಹಿರಿಯರೂ ಹಾಗೆಯೇ. ವಾಗ್ದಾನ ಅವರಿಗೂ ಸೇರಿದ್ದೇ, ಊರಿಗೆ ಮರಳಿದವರು ಮಾತ್ರ ಹೆಚ್ಚಾಗಿ ಅವರ ಮಕ್ಕಳು, ಮೊಮ್ಮಕ್ಕಳು. ಇದನ್ನು ತಿಳಿದು ಆ ವಚನ ಹೇಳಿ ನೋಡಿ. ಕೆಲಸ ಸಿಗದ ದಿನವೂ ಅದು ನಿಮ್ಮ ಕೈ ಬಿಡುವುದಿಲ್ಲ.

ಸತ್ಯವೇದ ಕನ್ನಡಕ್ಕೆ ಸುಲಭವಾಗಿ ಬಂದದ್ದಲ್ಲ. ಹಿರಿಯೂರಿನಿಂದ ಚಳ್ಳಕೆರೆ ದಾಟಿ ಹೋದರೆ ಸಿಗುವ ಬಳ್ಳಾರಿಗೆ 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಂದರು. ಕನ್ನಡ ಕಲಿತು, ಇಲ್ಲಿನ ಪಂಡಿತರನ್ನು ಜೊತೆಗಿಟ್ಟುಕೊಂಡು ಅನುವಾದಕ್ಕೆ ಕೂತರು. ಮೊದಲು ಹೊಸ ಒಡಂಬಡಿಕೆ ಬಂತು. ಇಡೀ ಸತ್ಯವೇದ ಅಚ್ಚಾಗುವ ಹೊತ್ತಿಗೆ 1831 ಆಗಿತ್ತು. ಅವರ ಜೊತೆ ದುಡಿದ ವಿಲಿಯಂ ರೀವ್ ಕನ್ನಡಕ್ಕೆ ನಿಘಂಟನ್ನೂ ಮಾಡಿದರು. ಮುಂದೆ ಬಾಸೆಲ್ ಮಿಷನ್ನಿನ ವೈಗ್ಲೆಯವರು ಹೊಸ ಒಡಂಬಡಿಕೆಯನ್ನು ಮತ್ತೆ ತಿದ್ದಿದರು. ಆ ಕಾಲದಲ್ಲಿ ಜಾತ್ರೆ, ಸಂತೆಗಳಲ್ಲಿ ಜನರ ಕೈಗೆ ಸಿಗುತ್ತಿದ್ದದ್ದು ಹೆಚ್ಚಾಗಿ ಒಂದೊಂದೇ ಸುವಾರ್ತೆಯ ಸಣ್ಣ ಪುಸ್ತಕ. ಮಾರ್ಕ ಸಿಕ್ಕಿದರೆ ಮಾರ್ಕನನ್ನೇ ಮೊದಲಿಂದ ಕೊನೆಯವರೆಗೆ, ಮತ್ತೆ ಮೊದಲಿಂದ ಓದಬೇಕು. ಬೇರೇನೂ ಇರಲಿಲ್ಲ. ನಮ್ಮ ಹಿರಿಯರ ಮನೆಗಳಲ್ಲೂ ಸಂಜೆ ಪ್ರಾರ್ಥನೆಗೆ ನಿನ್ನೆ ನಿಲ್ಲಿಸಿದಲ್ಲಿಂದಲೇ ಇವತ್ತು ಶುರು. ಓದು ಬಾರದ ಅಜ್ಜಿಯರಿಗೂ ಯೋಸೇಫನ ಕಥೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದು ಗೊತ್ತಿತ್ತು. ಈಗ 66 ಪುಸ್ತಕಗಳೂ ಫೋನಿನಲ್ಲಿವೆ, ಒಂದನ್ನೂ ಮುಗಿಸಿಲ್ಲ ಎನ್ನುತ್ತೀರಿ. ನನಗೆ ಇದು ದೊಡ್ಡ ನಷ್ಟವಾಗಿ ಕಾಣುತ್ತದೆ.

ರೂತಳಿಂದ ಶುರು ಮಾಡಿ. ನಾಲ್ಕೇ ಅಧ್ಯಾಯ, ಅರ್ಧ ಗಂಟೆ ಸಾಕು. ಮದುವೆಯಲ್ಲಿ ಗಂಡ ಹೆಂಡತಿಗೆಂದು ಓದುವ ಆ ಮಾತನ್ನು ರೂತಳು ಹೇಳಿದ್ದು ಅತ್ತೆಗೆ. ಬರಕ್ಕೆ ಊರು ಬಿಟ್ಟ ಮನೆತನ ಅದು. ಗಂಡನನ್ನೂ ಇಬ್ಬರು ಮಕ್ಕಳನ್ನೂ ಕಳೆದುಕೊಂಡು ಬೇತ್ಲೆಹೇಮಿಗೆ ಬಂದ ನೊವೊಮಿ, ದೇವರು ನನ್ನ ಬಾಳನ್ನು ಕಹಿ ಮಾಡಿದ ಎಂದು ಊರ ಹೆಂಗಸರ ಮುಂದೆಯೇ ಹೇಳುತ್ತಾಳೆ. ಪುಸ್ತಕ ಅವಳನ್ನು ಗದರಿಸುವುದಿಲ್ಲ. ಗದರಿಸುವುದಿಲ್ಲ ಎಂಬುದನ್ನು ಗಮನಿಸಿ, ದುಃಖದಲ್ಲಿರುವವರಿಗೆ ನಾವು ಎಷ್ಟು ಬೇಗ ಉಪದೇಶ ಮಾಡುತ್ತೇವೆ! ಸೊಸೆ ಜವೆಗೋಧಿಯ ಹೊಲದಲ್ಲಿ ಹಕ್ಕಲು ಆಯಲು ಹೋಗುತ್ತಾಳೆ. ಕೊಯ್ಲಿನಲ್ಲಿ ಬಿದ್ದದ್ದನ್ನು ಬಡವರಿಗೂ ಪರದೇಶಿಗೂ ಬಿಡಬೇಕೆಂಬುದು ಯಾಜಕಕಾಂಡದ ಕಟ್ಟಳೆ. ಮೋವಾಬ್ಯರು ದೇವರ ಸಭೆಗೆ ಸೇರಬಾರದೆಂಬ ಕಟ್ಟಳೆ ಧರ್ಮೋಪದೇಶಕಾಂಡದಲ್ಲಿದೆ. ಅದೇ ಮೋವಾಬಿನ ಹೆಣ್ಣು ದಾವೀದನ ಮುತ್ತಜ್ಜಿಯಾಗುತ್ತಾಳೆ. ಕುಲ ಕೇಳಿ ಹೆಣ್ಣು ಗಂಡು ನೋಡುವ ಅಭ್ಯಾಸ ನಮ್ಮ ಸಭೆಗಳನ್ನೂ ಇನ್ನೂ ಬಿಟ್ಟಿಲ್ಲ. ಅಂಥ ಮಾತುಕತೆಗೆ ಕೂರುವ ಮುಂಚೆ ಈ ಪುಸ್ತಕವನ್ನು ಒಮ್ಮೆ ಓದಿ.

ಫಿಲಿಪ್ಪಿಯವರಿಗೆ ಬರೆದ ಪತ್ರವೂ ಚಿಕ್ಕದು. ಎಲ್ಲಕ್ಕೂ ಶಕ್ತನಾಗಿದ್ದೇನೆ ಎಂಬರ್ಥದ ಮಾತನ್ನು ಪೌಲ ಬರೆದದ್ದು ಸೆರೆಯಲ್ಲಿದ್ದುಕೊಂಡು, ಹಸಿದಿರುವುದನ್ನೂ ಕಲಿತಿದ್ದೇನೆ ಎಂದ ಬೆನ್ನಿಗೇ. ಅದನ್ನು ಪರೀಕ್ಷೆಯ ಹಾಲ್ ಟಿಕೆಟ್ಟಿನ ಹಿಂದೆ ಬರೆದುಕೊಳ್ಳುವವರು ಪತ್ರವನ್ನೂ ಒಮ್ಮೆ ಓದಿ.

ಕನ್ನಡ ಓದುವುದು ಕಷ್ಟ ಎನ್ನುವವರು ಫೋನಿನಲ್ಲಿ ಕೇಳಿ, ಅದೂ ಒಳ್ಳೆಯದೇ. ಆದರೆ ಒಂದು ಪುಸ್ತಕವನ್ನು ಒಂದೇ ಸಲ ಕೂತು ಕೇಳಿ. ಯಾರು ಯಾರಿಗೆ ಹೇಳಿದ್ದು, ಆಗ ಅವರ ಸ್ಥಿತಿ ಏನಿತ್ತು ಎಂದು ಮೊದಲು ಕೇಳಿಕೊಳ್ಳಿ. ನನಗೇನು ಹೇಳುತ್ತದೆ ಎಂಬ ಪ್ರಶ್ನೆ ಆಮೇಲೆ ಬರಲಿ. ತಿಳಿಯದ್ದನ್ನು ಗುರುತು ಹಾಕಿ ಸಭಾಪಾಲಕರನ್ನೋ ಫಾದರನ್ನೋ ಕೇಳಿ, ನಾಚಿಕೆ ಬೇಡ. ಪ್ರಾರ್ಥನೆ ಮಾಡಿ, ಮರುವಾರ ಅದೇ ಪುಸ್ತಕವನ್ನು ಮತ್ತೆ ಓದಿ.

ರೂತಳು ಮುಗಿದ ಮೇಲೆ ಯೋನನನ್ನು ಹಿಡಿಯಿರಿ. ಅದೂ ನಾಲ್ಕೇ ಅಧ್ಯಾಯ. ಮೀನಿನ ಹೊಟ್ಟೆಯ ಕಥೆ ಎಂದಷ್ಟೇ ಅದನ್ನು ಭಾನುವಾರ ಶಾಲೆಯಲ್ಲಿ ಕೇಳಿರುತ್ತೀರಿ. ಮೀನು ಎರಡನೆಯ ಅಧ್ಯಾಯದಲ್ಲೇ ಮುಗಿದುಹೋಗುತ್ತದೆ. ಕೊನೆಯ ವಚನ ದೇವರು ಯೋನನಿಗೆ ಹಾಕುವ ಪ್ರಶ್ನೆ, ಅದಕ್ಕೆ ಅವನ ಉತ್ತರ ಪುಸ್ತಕದಲ್ಲಿಲ್ಲ. ಹಬ್ಬಕ್ಕೆ ಊರಿಗೆ ಬಂದಾಗ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಓದಿ, ಯೋನ ಏನೆಂದಿರಬಹುದು ಎಂದು ಅವರನ್ನೂ ಕೇಳಿ.