ಪೆಸ್ಟೊ ಕುಟ್ಟುವ ಮಕ್ಕಳಿಗೆ ದೊಡ್ಡಮ್ಮನ ಕಿವಿಮಾತು

ಓದಲೆಂದೋ ಕೆಲಸಕ್ಕೆಂದೋ ಇಟಲಿಯ ಜೆನೊವಾಕ್ಕೆ ಬಂದಿಳಿಯುವ ನಮ್ಮ ಕಡೆಯ ಹುಡುಗ ಹುಡುಗಿಯರು ಸ್ವಲ್ಪ ದಿನಕ್ಕೇ ನನ್ನ ಹತ್ತಿರ ಒಂದು ದೂರು ತರುತ್ತಾರೆ. "ದೊಡ್ಡಮ್ಮ, ಹೋಟೆಲಿನಲ್ಲಿ ತಿಂದ ಪೆಸ್ಟೊ ಪಾಸ್ಟಾ ಹಚ್ಚ ಹಸಿರಾಗಿ ಘಮ್ ಅನ್ನುತ್ತಿತ್ತು. ನಾವು ಮಾಡಿದರೆ ಯಾಕೆ ಕಪ್ಪಗೆ, ಕಹಿಯಾಗಿ ಬರುತ್ತೆ?" ಬಹುಪಾಲು ಕಾರಣ ಒಂದೇ. ಎಲ್ಲೋ ಒಂದು ಕಡೆ ಪೆಸ್ಟೊದ ಬೇಸಿಲ್ ಸೊಪ್ಪಿಗೆ ಶಾಖ ತಾಗಿರುತ್ತದೆ: ಒಲೆಯ ಶಾಖ, ಇಲ್ಲವೇ ಮಿಕ್ಸಿಯ ಬ್ಲೇಡಿನ ಶಾಖ. ಹುರಿದು, ಬೇಯಿಸಿ, ಕೊನೆಗೊಂದು ಒಗ್ಗರಣೆ ಕೊಟ್ಟರೇನೇ ಅಡುಗೆ ಮುಗಿಯಿತು ಎಂದು ಕಲಿತ ಕೈ ನಮ್ಮದು. ಪೆಸ್ಟೊ ಮಾತ್ರ ಪೂರ್ತಿ ಹಸಿ. ಇದರಲ್ಲಿ ಬೇಯುವುದು ಪಾಸ್ಟಾ ಮತ್ತು ಅದರ ಜೊತೆ ಹಾಕುವ ತರಕಾರಿ ಮಾತ್ರ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಓದು. ಊರಿನಲ್ಲೇ ಇದ್ದು ಮಾಡಿ ನೋಡುವವರಿಗೆ ಬೇಕಾದದ್ದನ್ನೂ ಅಲ್ಲಲ್ಲಿ ಹೇಳಿದ್ದೇನೆ.

• ಮೊದಲು ಸೊಪ್ಪು. ಜೆನೊವಾದ ಪಶ್ಚಿಮಕ್ಕಿರುವ ಪ್ರಾ ಎಂಬ ಬಡಾವಣೆಯ ಗಾಜಿನಮನೆಗಳಲ್ಲಿ ಬೆಳೆಯುವ ಬೇಸಿಲ್‌ಗೆ ದೊಡ್ಡ ಹೆಸರು. ಜೆನೊವಾ ಬೇಸಿಲ್‌ಗೆ 2005ರಲ್ಲಿ ಯುರೋಪಿನ ಮೂಲಸ್ಥಾನದ ಮಾನ್ಯತೆಯೂ ಸಿಕ್ಕಿದೆ. ಎಳೆಯ ಗಿಡವನ್ನು ಬೇರುಸಮೇತ ಕಿತ್ತು, ಕಾಗದ ಸುತ್ತಿ, ಹೂಗುಚ್ಛ ಕಟ್ಟಿದ ಹಾಗೆ ಕಟ್ಟಿ ಮಾರುತ್ತಾರೆ. ವಿಯಾ ವೆಂಟಿ ಸೆತ್ತೆಂಬ್ರೆಯ ಪಕ್ಕದ ಮೆರ್ಕಾತೊ ಓರಿಯೆಂಟಾಲೆಗೆ ಬೆಳಿಗ್ಗೆಯೇ ಹೋಗು. ಎಲೆ ಚಿಕ್ಕದಿರಬೇಕು, ತಿಳಿ ಹಸಿರು ಇರಬೇಕು, ಮೂಸಿದರೆ ಪುದೀನದ ವಾಸನೆ ಬರಬಾರದು. ಎಲೆ ದೊಡ್ಡದಾಗಿ ಬಲಿತರೆ ಆ ಪುದೀನದ ಘಾಟು ಸೇರಿಕೊಳ್ಳುತ್ತದೆ. ಇಲ್ಲಿಯವರು ಅದನ್ನು ಪೆಸ್ಟೊಗೆ ಮುಟ್ಟುವುದೇ ಇಲ್ಲ.

• ಊರಿನಲ್ಲಿರುವವರಿಗೆ: ನಮ್ಮ ಕಾಮಕಸ್ತೂರಿಯೂ ಬೇಸಿಲ್ ಜಾತಿಯದೇ. ಬೇಸಿಗೆಯಲ್ಲಿ ಶರಬತ್ತಿಗೆ ನೆನೆಹಾಕುವ ಕಪ್ಪು ಬೀಜ ಬರುವುದು ಅದರಿಂದಲೇ. ಆದರೆ ತಳಿ ಬೇರೆ, ಘಾಟು ಜಾಸ್ತಿ. ಅದೊಂದನ್ನೇ ಹಾಕಿದರೆ ಬೇರೆಲ್ಲ ರುಚಿ ಮುಚ್ಚಿಹೋಗುತ್ತದೆ. ಇಟಾಲಿಯನ್ ಬೇಸಿಲ್ ಎಂದು ಸಿಗುವ ಬೀಜ ತಂದು ಕುಂಡದಲ್ಲಿ ಹಾಕು. ಹೂತೆನೆ ಕಂಡ ಕೂಡಲೇ ಚಿವುಟು, ಎಲೆ ಎಳೆಯದಾಗಿ ಬರುತ್ತಿರುತ್ತದೆ. ಕಟ್ಟೆಯ ತುಳಸಿ ಇದಕ್ಕೆ ಬೇಡ. ಅದು ಬೇರೆಯೇ ಗಿಡ, ಲವಂಗದ ಖಾರ ಅದಕ್ಕೆ.

• ಬೇಸಿಲ್ ಸಿಗದ ದಿನ ಏನು ಮಾಡುವುದು? ಜೊವಾನಿ ಬತ್ತಿಸ್ತಾ ರಾತ್ತೊ 1863ರಲ್ಲಿ ಹೊರತಂದ ಜೆನೊವಾದ ಅಡುಗೆ ಪುಸ್ತಕವೇ ದಾರಿ ತೋರಿಸಿದೆ: ಬೇಸಿಲ್ ಇಲ್ಲದಿದ್ದರೆ ಮರುಗ ಮತ್ತು ಪಾರ್ಸ್ಲಿ. ಹೌದು, ನಮ್ಮ ಹೆಂಗಸರು ಹೂವಿನ ಜೊತೆ ಮುಡಿಯುವ ಮರುಗವೇ. ಆದರೆ ಹೂವಿನ ಅಂಗಡಿಯ ಮರುಗವನ್ನು ತಿನ್ನಬೇಡ. ಮುಡಿಯಲೆಂದು ಬೆಳೆದದ್ದಕ್ಕೆ ಯಾವ ಔಷಧಿ ಹೊಡೆದಿರುತ್ತಾರೋ! ಮನೆಯ ಕುಂಡದಲ್ಲಿ ಬೆಳೆದದ್ದಾದರೆ ಮಾತ್ರ ಹಾಕು.

• ಎಲೆ ತೊಳೆದ ಮೇಲೆ ಶುಭ್ರವಾದ ಬಟ್ಟೆಯ ಮೇಲೆ ಹರಡಿ ಒಣಗಿಸು. ಒತ್ತಿ ಒರೆಸಬೇಡ. ನೀರಿನಂಶ ಉಳಿದರೆ ಪೆಸ್ಟೊ ಸಪ್ಪೆ. ಎಲೆ ಜಜ್ಜಿದರೆ ಕುಟ್ಟುವ ಮೊದಲೇ ಕಪ್ಪಾಗುತ್ತದೆ.

• ಬೀಜದ ವಿಷಯದಲ್ಲಿ ಸ್ವಲ್ಪ ನಿಧಾನಿಸು, ಪೆಸ್ಟೊದ ಮೈಕಟ್ಟು ಇರುವುದು ಇಲ್ಲಿ. ಜೆನೊವಾದ ಪೆಸ್ಟೊಗೆ ಪೈನ್ ಬೀಜ. ಅದು ಬೆಣ್ಣೆಯಷ್ಟು ಮೆದು, ತನ್ನದೇ ಜೋರು ರುಚಿಯಿಲ್ಲ, ಹಾಗಾಗಿ ಎಲೆಯ ಪರಿಮಳವನ್ನು ಹೊತ್ತು ನಿಲ್ಲುತ್ತದೆ. ಕೊಳ್ಳುವಾಗ ಪೊಟ್ಟಣದ ಮೇಲೆ ಎಲ್ಲಿಯದೆಂದು ನೋಡು. ಮೆಡಿಟರೇನಿಯನ್ ಕಡೆಯ ಬೀಜ ಉದ್ದಕ್ಕೆ ಇರುತ್ತದೆ, ಬೆಲೆ ಹೆಚ್ಚು. ಪೂರ್ವ ಏಷ್ಯಾದಿಂದ ಬರುವ ಕೆಲವು ಜಾತಿಯ ಗಿಡ್ಡ ಬೀಜಗಳನ್ನು ತಿಂದವರಲ್ಲಿ ಕೆಲವರಿಗೆ ಒಂದೆರಡು ದಿನ ಬಿಟ್ಟು ಬಾಯೆಲ್ಲ ಕಹಿಯಾಗಿ, ಏನು ತಿಂದರೂ ಲೋಹ ನೆಕ್ಕಿದಂತಾಗುವುದುಂಟು. ಅದು ಒಂದೆರಡು ವಾರದಲ್ಲಿ ತಾನಾಗಿ ಹೋಗುತ್ತದೆ, ಗಾಬರಿಯಾಗಬೇಡ. ನಮ್ಮ ದೇಶದಲ್ಲಿ ಹಿಮಾಚಲದ ಕಿನ್ನೌರ್ ಕಡೆಯಿಂದ ಚಿಲ್ಗೋಜಾ ಬರುತ್ತದೆ. ಅದೂ ಪೈನ್ ಬೀಜವೇ, ಒಳ್ಳೆಯದೇ, ಆದರೆ ದುಬಾರಿ.

• ಅಷ್ಟು ಹಣ ಕೊಡಲಾಗದಿದ್ದರೆ ಗೋಡಂಬಿ ಹಾಕು, ಸಂಕೋಚ ಬೇಡ. ಅಂಗಡಿಯ ಸೀಸೆಗಳ ಹಿಂಬದಿ ಓದಿ ನೋಡು, ಎಷ್ಟೋ ಕಂಪನಿಗಳು ಹಾಕುವುದು ಗೋಡಂಬಿಯನ್ನೇ. ಹುರಿಯದ, ಉಪ್ಪು ಹಾಕದ ಗೋಡಂಬಿ ಇರಲಿ. ಬಾದಾಮಿ ಇದ್ದರೆ ಸಿಸಿಲಿಯ ಟ್ರಾಪಾನಿ ಕಡೆ ಮಾಡುವ ಪೆಸ್ಟೊ ಮಾಡು: ಬಾದಾಮಿ, ಬೆಳ್ಳುಳ್ಳಿ, ಬೇಸಿಲ್, ಹಸಿ ಟೊಮೆಟೊ ಕುಟ್ಟಿ, ಬುಸಿಯಾತೆ ಎನ್ನುವ ಸುರುಳಿ ಪಾಸ್ಟಾಗೆ ಕಲಸುತ್ತಾರೆ. ಅಕ್ರೋಟು ಇದ್ದರೆ ಬೇಸಿಲ್ಲನ್ನೇ ಬಿಟ್ಟುಬಿಡು. ಹಾಲಿನಲ್ಲಿ ನೆನೆಸಿದ ಬ್ರೆಡ್ಡಿನ ತಿರುಳು, ಚೂರು ಬೆಳ್ಳುಳ್ಳಿ, ಚೀಸ್, ಒಂದಿಷ್ಟು ಮರುಗ ಸೇರಿಸಿ ಅರೆದ ಬಿಳಿ ಸಾಸನ್ನು ಇಲ್ಲಿ ಸೊಪ್ಪು ತುಂಬಿದ ಪಾನ್ಸೋತಿ ಪಾಸ್ಟಾಗೆ ಹಾಕುತ್ತಾರೆ. ಅಕ್ರೋಟಿನ ಒಗರು ಬೇಸಿಲ್ ಜೊತೆ ಹೊಂದುವುದಿಲ್ಲ ಎನ್ನುವುದು ನನ್ನ ಅಭಿಪ್ರಾಯ, ಒಪ್ಪದವರೂ ಇದ್ದಾರೆ. ಕಡಲೆಕಾಯಿ ಬೀಜ ಮಾತ್ರ ಬೇಡ. ಅದು ಬಿದ್ದ ಕಡೆ ಅದರದೇ ರಾಜ್ಯ.

• ಯಾವ ಬೀಜವೇ ಆಗಲಿ, ಹಾಕುವ ಮುಂಚೆ ಒಂದನ್ನು ಅಗಿದು ನೋಡು. ಕಮಟು ಇದ್ದರೆ ಎಸೆ. ಅದನ್ನು ಮುಚ್ಚುವ ಮಸಾಲೆ ಇಲ್ಲ. ಬಳಸಿ ಉಳಿದ ಒಳ್ಳೆಯ ಬೀಜವನ್ನು ಫ್ರಿಜ್ಜಿನಲ್ಲಿಡು. ಊಟಕ್ಕೆ ಬಂದವರಿಗೆ ಬೀಜಗಳ ಅಲರ್ಜಿ ಇದೆಯೇ ಎಂದು ಬಡಿಸುವ ಮೊದಲೇ ಕೇಳು. ಅರೆದ ಮೇಲೆ ಒಳಗೆ ಏನಿದೆ ಎಂದು ಕಣ್ಣಿಗೆ ಕಾಣುವುದಿಲ್ಲ.

• ನಾಲ್ಕೈದು ಜನಕ್ಕೆ ಅಳತೆ: ಎಲೆ 60ರಿಂದ 70 ಗ್ರಾಂ, ಪೈನ್ ಬೀಜ 30 ಗ್ರಾಂ, ತುರಿದ ಪಾರ್ಮಿಜಾನೊ ಚೀಸ್ 50 ಗ್ರಾಂ, ಪೆಕೊರಿನೊ ಚೀಸ್ 25 ಗ್ರಾಂ, ಬೆಳ್ಳುಳ್ಳಿ ಒಂದೋ ಎರಡೋ ಎಸಳು, ಆಲಿವ್ ಎಣ್ಣೆ 70 ಮಿಲಿ, ಕಲ್ಲುಪ್ಪು ಅರ್ಧ ಸಣ್ಣ ಚಮಚ. ಚೀಸಿನಲ್ಲೂ ಉಪ್ಪಿದೆ, ನೆನಪಿರಲಿ.

• ಬೆಳ್ಳುಳ್ಳಿ ಎಸಳನ್ನು ಸೀಳಿ ನಡುವಿನ ಹಸಿರು ಮೊಳಕೆ ತೆಗೆ. ಜೆನೊವಾ ಇರುವ ಲಿಗೂರಿಯಾ ಪ್ರಾಂತ್ಯದವರು ವೆಸ್ಸಾಲಿಕೊ ಊರಿನ ಸೌಮ್ಯ ಬೆಳ್ಳುಳ್ಳಿಯನ್ನು ಮೆಚ್ಚುತ್ತಾರೆ. ನಮ್ಮ ನಾಟಿ ಬೆಳ್ಳುಳ್ಳಿ ಖಾರ ಹೆಚ್ಚು, ಅರ್ಧ ಎಸಳು ಸಾಕು. ಮನೆಯಲ್ಲಿ ಬೆಳ್ಳುಳ್ಳಿ ತಿನ್ನದವರಿದ್ದರೆ ಬಿಟ್ಟುಬಿಡು. ಬೆಳ್ಳುಳ್ಳಿ ಇಲ್ಲದ ಪೆಸ್ಟೊ ಇಟಲಿಯ ಅಂಗಡಿಗಳಲ್ಲೂ ಮಾರುತ್ತಾರೆ.

• ಸಸ್ಯಾಹಾರಿಗಳೇ, ಇದನ್ನು ಗಮನವಿಟ್ಟು ಓದಿ. ಪಾರ್ಮಿಜಾನೊ ರೆಜ್ಜಾನೊ ಮಾಡಲು ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಅದಕ್ಕೆ ನಿಯಮದಲ್ಲೇ ಬೇರೆ ದಾರಿಯಿಲ್ಲ. ಪೆಸ್ಟೊಗೆ ಬಳಸುವ ಪೆಕೊರಿನೊ, ಅಂದರೆ ಸಾರ್ಡೀನಿಯಾದ ಫಿಯೋರೆ ಸಾರ್ಡೊ ಚೀಸ್‌ಗೂ ಪ್ರಾಣಿಜನ್ಯ ರೆನೆಟ್ಟೇ. ಹೋಟೆಲಿನಲ್ಲಿ "ಮಾಂಸ ಇಲ್ಲ" ಎಂದು ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ, ಅವರ ಲೆಕ್ಕದಲ್ಲಿ ಅದು ಮಾಂಸವಲ್ಲ. ನಿಮಗೆ ಆಗದೆಂದಾದರೆ ಸಸ್ಯಜನ್ಯ ಅಥವಾ ಸೂಕ್ಷ್ಮಜೀವಿಗಳ ರೆನೆಟ್‌ನಿಂದ ಮಾಡಿದ ಗಟ್ಟಿ ಚೀಸ್ ಹುಡುಕಿ. ಊರಿನಲ್ಲಾದರೆ ಪೊಟ್ಟಣದ ಮೇಲಿನ ಹಸಿರು ಚುಕ್ಕೆ ನೋಡಿ. ಸ್ಲೈಸ್ ಚೀಸ್, ಪಿಜ್ಜಾದ ಮೊಜರೆಲಾ ಹಾಕಬೇಡಿ. ಅವು ಬಿಸಿಗೆ ಅಂಟಂಟಾಗಿ ಎಳೆ ಎಳೆಯಾಗುತ್ತವೆ. ಒಳ್ಳೆಯ ಚೀಸ್ ಸಿಗದಿದ್ದರೆ ಬೀಜವನ್ನು ಸ್ವಲ್ಪ ಹೆಚ್ಚಿಸಿ, ಚೀಸನ್ನು ಪೂರ್ತಿ ಬಿಡುವುದೇ ಮೇಲು.

• ಎಣ್ಣೆ ಎಕ್ಸ್‌ಟ್ರಾ ವರ್ಜಿನ್ ಆಗಿರಲಿ, ಆದರೆ ಸೌಮ್ಯವಾದದ್ದು. ಲಿಗೂರಿಯಾದ ಟಜ್ಜಾಸ್ಕಾ ಆಲಿವ್ ಎಣ್ಣೆಯನ್ನು ಮೆಚ್ಚುವುದು ಅದರ ಮೆದುತನಕ್ಕೆ. ಗಂಟಲು ಕೆರೆಯುವಂಥ ಎಣ್ಣೆ ಎಲೆಯನ್ನು ಹೊಡೆದುಹಾಕುತ್ತದೆ.

• ಈಗ ಕುಟ್ಟುವುದು. ಇಲ್ಲಿಯವರ ಒರಳು ಅಮೃತಶಿಲೆಯದು, ಕುಟ್ಟುವ ಗುಂಡು ಮರದ್ದು. ಕಲ್ಲಿನ ಮೇಲೆ ಕಲ್ಲು ಬಿದ್ದರೆ ಎಲೆ ಜಜ್ಜಿಹೋಗುತ್ತದೆ, ಮರವಾದರೆ ಹರಿಯುತ್ತದೆ. ನಿನ್ನಲ್ಲಿ ಕಲ್ಲಿನ ಕುಟ್ಟಾಣಿ ಮಾತ್ರ ಇದ್ದರೆ ಅದೇ ಆಗಲಿ, ಕೈ ಹಗುರ ಮಾಡು. ಮೊದಲು ಬೆಳ್ಳುಳ್ಳಿ ಮತ್ತು ಎರಡು ಹರಳು ಉಪ್ಪು, ನುಣ್ಣಗೆ. ಆಮೇಲೆ ಬೀಜ. ಅದು ಬೆಣ್ಣೆಯಾದ ಮೇಲೆ ಎಲೆ, ಒಂದೊಂದೇ ಹಿಡಿ, ಉಳಿದ ಉಪ್ಪಿನ ಜೊತೆ. ಎಲೆಗೆ ಬಂದ ಮೇಲೆ ಮೇಲಿಂದ ಹೊಡೆಯಬೇಡ. ಗುಂಡನ್ನು ಒರಳಿನ ಗೋಡೆಗೆ ಒತ್ತಿ ತಿರುಗಿಸು, ಇನ್ನೊಂದು ಕೈಯಲ್ಲಿ ಒರಳನ್ನು ಎದುರು ದಿಕ್ಕಿಗೆ ತಿರುಗಿಸುತ್ತಿರು. ಕಲ್ಲುಪ್ಪಿನ ಹರಳು ಎಲೆಯನ್ನು ಹರಿಯುವ ಕೆಲಸ ಮಾಡುತ್ತದೆ, ಅದಕ್ಕೇ ಪುಡಿ ಉಪ್ಪು ಬೇಡ. ಹಸಿರು ರಸ ಬಿಟ್ಟ ಕೂಡಲೇ ಚೀಸ್ ಸೇರಿಸಿ, ಎಣ್ಣೆಯನ್ನು ಸಣ್ಣ ಧಾರೆಯಾಗಿ ಬಿಡುತ್ತ ಕಲಸು. ಶುರು ಮಾಡಿದ ಮೇಲೆ ಫೋನ್ ಎತ್ತಬೇಡ. ಹರಿದ ಎಲೆಗೆ ಗಾಳಿ ತಾಗಿದಷ್ಟೂ ಬಣ್ಣ ಕುಂದುತ್ತದೆ. ಜೆನೊವಾದ ಪಲಾಜ್ಜೊ ಡುಕಾಲೆಯಲ್ಲಿ ಒರಳಿನಲ್ಲಿ ಪೆಸ್ಟೊ ಕುಟ್ಟುವ ಜಾಗತಿಕ ಸ್ಪರ್ಧೆ ನಡೆಯುತ್ತದೆ, ನೂರು ಜನ ಸಾಲಾಗಿ ನಿಂತು ಕುಟ್ಟುತ್ತಾರೆ. ಅವಕಾಶ ಸಿಕ್ಕರೆ ಹೋಗಿ ಅವರ ಮಣಿಕಟ್ಟು ನೋಡು. ಬಾಯಲ್ಲಿ ಹೇಳಿ ಕಲಿಸಲಾಗದ್ದು ಅಲ್ಲಿ ಕಣ್ಣಿಗೆ ಸಿಗುತ್ತದೆ.

• ಮಿಕ್ಸಿಯೇ ಗತಿ ಎನ್ನುವವರಿಗೆ: ಜಾರ್ ಮತ್ತು ಬ್ಲೇಡನ್ನು ಅರ್ಧ ಗಂಟೆ ಫ್ರೀಜರಿನಲ್ಲಿಡು. ಎಣ್ಣೆಯನ್ನೂ ಫ್ರಿಜ್ಜಿನಲ್ಲಿಟ್ಟು ತಣಿಸು. ಬೀಜ, ಬೆಳ್ಳುಳ್ಳಿ ಮೊದಲು ತಿರುಗಿಸಿ, ಆಮೇಲೆ ಎಲೆ ಮತ್ತು ಅರ್ಧ ಎಣ್ಣೆ ಹಾಕು. ಒಂದೊಂದು ಸೆಕೆಂಡ್ ಬಿಟ್ಟು ಬಿಟ್ಟು ತಿರುಗಿಸಬೇಕು, ಒಂದೇ ಸಮ ಓಡಿಸಬಾರದು. ಉಳಿದ ಎಣ್ಣೆ, ಚೀಸ್ ಎರಡನ್ನೂ ಹೊರಗೆ ತೆಗೆದು ಚಮಚದಲ್ಲಿ ಕಲಸು. ಆಲಿವ್ ಎಣ್ಣೆಯನ್ನು ಜೋರಾಗಿ ಅರೆದರೆ ಕಹಿ ಬಿಡುವುದುಂಟು. ನೀರು ಹಾಕಿ ರುಬ್ಬಿದರೆ ಅದು ಪೆಸ್ಟೊ ಆಗುವುದಿಲ್ಲ. ಕೆಲವರು ಬಣ್ಣ ಉಳಿಯಲೆಂದು ಎಲೆಯನ್ನು ಕುದಿಯುವ ನೀರಿನಲ್ಲಿ ಹತ್ತಿಪ್ಪತ್ತು ಸೆಕೆಂಡ್ ಅದ್ದಿ ಐಸ್ ನೀರಿಗೆ ಹಾಕುತ್ತಾರೆ. ಬಣ್ಣವೇನೋ ಉಳಿಯುತ್ತದೆ, ಪರಿಮಳ ನೀರು ಪಾಲು. ನಾನು ಹಾಗೆ ಮಾಡುವುದಿಲ್ಲ.

• ಪಾಸ್ಟಾ: ಜೆನೊವಾದಲ್ಲಿ ಟ್ರೋಫಿಯೆ ಅಥವಾ ಟ್ರೆನೆಟ್ಟೆ. ಟ್ರೋಫಿಯೆ ಬರೀ ಹಿಟ್ಟು ಮತ್ತು ನೀರಿನದು, ಮೊಟ್ಟೆಯಿಲ್ಲ. ಟ್ರೆನೆಟ್ಟೆ ಸಿಗದ ಕಡೆ ಲಿಂಗ್ವಿನಿ ಆಗುತ್ತದೆ. ಒಣ ಪಾಸ್ಟಾ ಕೊಳ್ಳುವಾಗ ಮೇಲ್ಮೈ ತರಿತರಿಯಾಗಿ, ಬೂದಿ ಬಳಿದಂತೆ ಮಾಸಲಾಗಿ ಇರುವುದನ್ನು ಆರಿಸು. ಅದು ಕಂಚಿನ ಅಚ್ಚಿನಲ್ಲಿ ಒತ್ತಿದ್ದು, ಸಾಸು ಹಿಡಿದುಕೊಳ್ಳುತ್ತದೆ. 100 ಗ್ರಾಂ ಪಾಸ್ಟಾಗೆ ಒಂದು ಲೀಟರ್ ನೀರು, 10 ಗ್ರಾಂ ಉಪ್ಪು.

• ಆ ನೀರಿಗೇ ಮೊದಲು ಆಲೂಗಡ್ಡೆ ಹೋಳು, ಸ್ವಲ್ಪ ಹೊತ್ತಿಗೆ ಹುರುಳಿಕಾಯಿ, ಕೊನೆಗೆ ಪಾಸ್ಟಾ ಹಾಕಿ ಮೂರನ್ನೂ ಒಟ್ಟಿಗೆ ಇಳಿಸು. ಇದು ಇಲ್ಲಿಯ ಮನೆಗಳ ಹಳೆಯ ಪದ್ಧತಿ. ಕರಗಿದ ಆಲೂಗಡ್ಡೆಯ ಹಿಟ್ಟು ಪೆಸ್ಟೊವನ್ನು ಪಾಸ್ಟಾಗೆ ಅಂಟಿಸುತ್ತದೆ. ಹೀಗೆ ಮಾಡದೆ ಪೆಸ್ಟೊ ತಿನ್ನಬೇಡ ಎಂದೇ ಹೇಳುತ್ತೇನೆ, ಅಷ್ಟು ಚೆನ್ನಾಗಿರುತ್ತದೆ.

• ಬಸಿಯುವ ಮುಂಚೆ ಒಂದು ಲೋಟ ನೀರು ಎತ್ತಿಟ್ಟುಕೋ. ಪೆಸ್ಟೊವನ್ನು ಅಗಲವಾದ ಬೋಗುಣಿಗೆ ಹಾಕಿ, ಆ ನೀರು ಎರಡು ಚಮಚ ಬೆರೆಸಿ ಸಡಿಲಿಸು, ಬಿಸಿ ಪಾಸ್ಟಾವನ್ನು ಅದರ ಮೇಲೆ ಸುರಿದು ಕಲಸು. ಬಾಣಲೆ ಬೇಡ, ಒಲೆ ಬೇಡ, ಈರುಳ್ಳಿ ಬಾಡಿಸುವುದು ಬೇಡ, ಕ್ರೀಮ್ ಬೇಡ. ತಕ್ಷಣ ಬಡಿಸು.

• ಉಳಿದ ಪೆಸ್ಟೊ ಬಗ್ಗೆ ಗಟ್ಟಿಯಾಗಿ ಹೇಳುತ್ತೇನೆ. ಮೇಲೆ ಎಣ್ಣೆ ನಿಲ್ಲಿಸಿದ್ದೇನೆ, ಉಪ್ಪಿನಕಾಯಿಯ ಹಾಗೆ ಉಳಿಯುತ್ತದೆ ಎಂದು ಕಟ್ಟೆಯ ಮೇಲಿಡಬೇಡ. ಉಪ್ಪಿನಕಾಯಿಯಲ್ಲಿ ಹುಳಿಯೂ ಉಪ್ಪೂ ಕಾಯುತ್ತವೆ, ಇಲ್ಲಿ ಎರಡೂ ಸಾಲದು. ಹಸಿ ಬೆಳ್ಳುಳ್ಳಿ, ಹಸಿ ಸೊಪ್ಪಿಗೆ ಮಣ್ಣಿನಿಂದ ಬೊಟುಲಿನಮ್ ಬೀಜಾಣು ಅಂಟಿರಬಹುದು. ಗಾಳಿಯಾಡದ ಎಣ್ಣೆಯ ಕೆಳಗೆ, ಹೊರಗಿನ ಬೆಚ್ಚನೆಯಲ್ಲಿ ಅದು ವಿಷ ಕಟ್ಟಬಲ್ಲದು. ವಾಸನೆಯಿಂದ, ಬಣ್ಣದಿಂದ ಅದು ಗೊತ್ತಾಗುವುದಿಲ್ಲ. ಫ್ರಿಜ್ಜಿನಲ್ಲಿಟ್ಟು ಮೂರು ನಾಲ್ಕು ದಿನದಲ್ಲಿ ಮುಗಿಸು. ಹೆಚ್ಚು ದಿನ ಬೇಕಾದರೆ ಚೀಸ್ ಹಾಕದೆ ಐಸ್ ಟ್ರೇಯಲ್ಲಿ ಗಟ್ಟಿ ಮಾಡಿ ಫ್ರೀಜರಿನಲ್ಲಿಡು, ಬಳಸುವ ದಿನ ಚೀಸ್ ಸೇರಿಸು. ಊರಿಗೆ ಕಳಿಸಲೆಂದು ಮನೆಯಲ್ಲಿ ಮಾಡಿದ ಪೆಸ್ಟೊವನ್ನು ಸೀಸೆಗೆ ತುಂಬಿ ಸೂಟ್‌ಕೇಸಿನಲ್ಲಿ ಇಡಲೇಬೇಡ.

• ಕಲಸಿದ ಪಾಸ್ಟಾ ಮರುದಿನಕ್ಕೆ ಬೇಡ. ಬಿಸಿ ಮಾಡಿದರೆ ಎಣ್ಣೆ ಬೇರೆಯಾಗಿ, ಎಲೆ ಕಪ್ಪಾಗುತ್ತದೆ. ಒಬ್ಬರಿಗೆ 80 ಗ್ರಾಂ ಒಣ ಪಾಸ್ಟಾ ಸಾಕು. ಅಷ್ಟನ್ನೇ ತೂಗಿ ನೀರಿಗೆ ಹಾಕು.