ಸಿಲಿಂಡರ್ ಇಳಿಸಿಕೊಳ್ಳುವಾಗ

ಸಿಲಿಂಡರ್ ತಂದವರಿಗೆ ಅವಸರವಿರುತ್ತದೆ, ನಿಜ. ಆದರೂ ಎರಡು ನಿಮಿಷ ನಿಲ್ಲಿಸಿಕೊಳ್ಳಿ. ಮೇಲಿನ ಹಿಡಿಬಳೆಯನ್ನು ಹೊತ್ತ ಪಟ್ಟಿಗಳ ಒಳಮೈ ನೋಡಿ. ‘ಬಿ-27’ ಎಂಬಂಥ ಗುರುತಿರುತ್ತದೆ. ಎ ಅಂದರೆ ಜನವರಿಯಿಂದ ಮಾರ್ಚ್, ಬಿ ಅಂದರೆ ಏಪ್ರಿಲ್‌ನಿಂದ ಜೂನ್, ಹೀಗೆ ಡಿವರೆಗೆ. ಬಿ-27 ಇದ್ದರೆ 2027ರ ಜೂನ್ ಒಳಗೆ ಅದು ಮರುಪರೀಕ್ಷೆಗೆ ಹೋಗಬೇಕು. ಗಡುವು ದಾಟಿದ್ದರೆ ಬೇರೆ ಕೇಳಿ, ಸಂಕೋಚ ಬೇಡ. ತೂಕವನ್ನೂ ಅಲ್ಲೇ ಹಾಕಿಸಿ: ಖಾಲಿ ತೂಕ ಅದರ ಮೈಮೇಲೇ ಬರೆದಿರುತ್ತದೆ, ಅದಕ್ಕೆ 14.2 ಕಿಲೋ ಕೂಡಿಸಿಕೊಂಡರಾಯಿತು.

ಒಳಗಿರುವುದು ಮುಖ್ಯವಾಗಿ ಪ್ರೊಪೇನ್ ಮತ್ತು ಬ್ಯುಟೇನ್. ಇವಕ್ಕೆ ಸ್ವಂತ ವಾಸನೆಯಿಲ್ಲ. ಸೋರಿದರೆ ಮೂಗಿಗೆ ತಿಳಿಯಲೆಂದೇ ಮರ್ಕ್ಯಾಪ್ಟನ್ ಬೆರೆಸುತ್ತಾರೆ. ಗಾಳಿಗಿಂತ ಭಾರವಾದ್ದರಿಂದ ಸೋರಿದ ಅನಿಲ ಮೇಲೇರುವುದಿಲ್ಲ, ನೆಲ ಹಿಡಿದು ಹರಿದು ಅಡುಗೆಕಟ್ಟೆಯ ಕೆಳಗೆ ಮಡುಗಟ್ಟುತ್ತದೆ. ಗಾಳಿಯಾಡದ ಕಪಾಟಿನಲ್ಲಿ ಸಿಲಿಂಡರ್ ಇಡಬೇಡಿ ಅನ್ನುವುದು ಇದಕ್ಕೇ. ಮಲಗಿಸಲೂಬೇಡಿ.

ನನಗೆ ಹೆಚ್ಚು ಭಯವಿರುವುದು ರಾತ್ರಿಯ ಹೊತ್ತಿನದು. ನಿದ್ದೆಗಣ್ಣಲ್ಲಿ ಎದ್ದು ಬಂದಾಗ ವಾಸನೆ ಬಡಿದರೆ ಕೈ ತಾನಾಗಿ ದೀಪದ ಸ್ವಿಚ್ಚಿಗೆ ಹೋಗುತ್ತದೆ. ದಯವಿಟ್ಟು ಬೇಡ. ಹಾಕುವುದೂ ಬೇಡ, ಆರಿಸುವುದೂ ಬೇಡ. ಸ್ವಿಚ್ಚಿನೊಳಗಿನ ಒಂದು ಕಿಡಿ ಸಾಕು. ಕತ್ತಲಲ್ಲೇ ರೆಗ್ಯುಲೇಟರ್ ತಿರುಗಿಸಿ ಮುಚ್ಚಿ, ಕಿಟಕಿ ಬಾಗಿಲು ತೆಗೆದು, ಮಕ್ಕಳು ಹಿರಿಯರನ್ನು ಕರೆದುಕೊಂಡು ಹೊರಬನ್ನಿ. ಹೊರಗೆ ಬಂದಮೇಲೆ 1906ಕ್ಕೆ ಫೋನ್ ಮಾಡಿ. ಸಹಾಯವಾಣಿ ಹಗಲೂ ರಾತ್ರಿ ಇರುತ್ತದೆ.

ಪೈಪನ್ನು 5 ವರ್ಷಕ್ಕೊಮ್ಮೆ ಬದಲಿಸಿ. ಸೋರಿಕೆ ಹುಡುಕಲು ಎಂದೂ ಕಡ್ಡಿ ಗೀರಬೇಡಿ. ಸೋಪಿನ ನೊರೆ ಬಳಿದು ನೋಡಿ, ಗುಳ್ಳೆ ಎದ್ದಲ್ಲಿ ಸೋರುತ್ತಿದೆ.