ಉಜ್ಜಬೇಡ, ಒತ್ತಿ ಒರೆಸು

ನೋಡಮ್ಮ, ಅತ್ತೆಯನ್ನು ಆಸ್ಪತ್ರೆಯಿಂದ ಕರೆತಂದಾಗಿನಿಂದ ಅವರ ಮೈ ಒಂಚೂರೂ ಕೊಳೆಯಾಗದಂತೆ ನೋಡಿಕೊಂಡಿದ್ದೀಯ. ನಿನ್ನ ಅಚ್ಚುಕಟ್ಟಿನ ಬಗ್ಗೆ ಎರಡು ಮಾತಿಲ್ಲ. ನನಗೆ ದಿಗಿಲಾಗಿರುವುದೂ ಅದಕ್ಕೇ. ನರ್ಸ್ ಕೆಲಸ ಮಾಡಿದವಳಾಗಿ ಹೇಳ್ತೀನಿ, ಹಾಸಿಗೆ ಹಿಡಿದವರ ಚರ್ಮ ಉದಾಸೀನದಿಂದ ಕೆಡುವ ಹಾಗೆಯೇ ಅತಿ ಉಪಚಾರದಿಂದಲೂ ಕೆಡುತ್ತದೆ.

ಡೈಪರ್ ಬದಲಿಸುವಾಗಲೆಲ್ಲ ಸೋಪು ಹಾಕಿ ತಿಕ್ಕುತ್ತೀಯಲ್ಲ, ಅದನ್ನು ಬಿಡು. ಚರ್ಮಕ್ಕೆ ಕೊಂಚ ಆಮ್ಲದ ಗುಣವಿದೆ, ಅದೇ ಅದರ ಕಾವಲು. ಮಾಮೂಲಿ ಸೋಪಿನ ಪಿಎಚ್ 9-10, ಬರೀ ಕ್ಷಾರ. ಮೂತ್ರ ಹೆಚ್ಚು ಹೊತ್ತು ನಿಂತರೆ ಅಮೋನಿಯಾ ಆಗಿ ಅದೂ ಕ್ಷಾರವೇ. ಜೊತೆಗೆ ಮಲ ಸೇರಿತೋ, ಅದರಲ್ಲಿ ಉಳಿದ ಜೀರ್ಣರಸಗಳು ಚುರುಕಾಗಿ ಚರ್ಮವನ್ನೇ ತಿನ್ನತೊಡಗುತ್ತವೆ. ಭೇದಿಯಾದ ದಿನ ಒಂದೇ ರಾತ್ರಿಯಲ್ಲಿ ಕೆಂಡದ ಹಾಗೆ ಕೆಂಪಾಗುವುದು ಇದಕ್ಕೇ.

ಉಗುರುಬೆಚ್ಚಗಿನ ನೀರು, ಹಳೇ ಹತ್ತಿ ಪಂಚೆಯ ತುಂಡು ಸಾಕು. ತೊಡೆಸಂದು, ಹೊಟ್ಟೆಯ ಮಡಿಕೆ, ಎದೆಯ ಕೆಳಗೆ ಒತ್ತಿ ಒತ್ತಿ ಒರೆಸು. ಆರಿದ ಮೇಲೆ ವ್ಯಾಸಲಿನ್ ಅಥವಾ ಜಿಂಕ್ ಆಕ್ಸೈಡಿನ ಮುಲಾಮನ್ನು ತೆಳ್ಳಗೆ ಸವರು. ಮುಂದಿನ ಸಲ ಆ ಬಿಳಿ ಮುಲಾಮನ್ನೆಲ್ಲ ಕೆರೆದು ತೆಗೆಯಬೇಡ, ಕೊಳೆಯಾದ ಮೇಲುಪದರ ಮಾತ್ರ ಒರೆಸು. ಪೌಡರ್ ಬೆವರಿಗೆ ಮುದ್ದೆ ಕಟ್ಟುತ್ತದೆ, ಬೇಡ. ಡೆಟಾಲ್ ನೀರಂತೂ ಬೇಡವೇ ಬೇಡ.

ಇನ್ನು ಗಾಯದ ಪಟ್ಟಿಗೆ ಅಂಟಿಸುವ ಟೇಪು. ಸರ್ರನೆ ಕಿತ್ತರೆ ನೋವಾಗಲ್ಲ ಅಂತ ಯಾರು ಹೇಳಿಕೊಟ್ಟರೋ! ವಯಸ್ಸಾದವರಲ್ಲಿ ಚರ್ಮದ ಮೇಲುಪದರಕ್ಕೂ ಒಳಪದರಕ್ಕೂ ಇರುವ ಹಿಡಿತ ಸಡಿಲವಾಗಿರುತ್ತದೆ. ನಿಮ್ಮತ್ತೆ ಬೇರೆ ಉಬ್ಬಸಕ್ಕೆಂದು ವರ್ಷಗಟ್ಟಲೆ ಸ್ಟಿರಾಯ್ಡ್ ಮಾತ್ರೆ ನುಂಗಿದವರು. ಕಿತ್ತರೆ ಟೇಪಿನ ಜೊತೆ ಚರ್ಮವೂ ಬರುತ್ತದೆ. ಗಾಯಕ್ಕೆ ತಾಗದಂತೆ ಅಂಚಿಗಷ್ಟೇ ಕೊಬ್ಬರಿ ಎಣ್ಣೆ ಹಚ್ಚಿ ಒಂದೆರಡು ನಿಮಿಷ ಬಿಡು. ಎಡಗೈ ಬೆರಳಲ್ಲಿ ಚರ್ಮವನ್ನು ಮೆಲ್ಲಗೆ ಒತ್ತಿ ಹಿಡಿ. ಬಲಗೈಯಲ್ಲಿ ಟೇಪನ್ನು ಮೇಲಕ್ಕೆತ್ತದೆ, ಅದರ ಮೇಲೆ ಅದನ್ನೇ ಮಡಚಿ, ಕೂದಲು ಮಲಗಿದ ದಿಕ್ಕಿಗೆ ನಿಧಾನವಾಗಿ ಸರಿಸುತ್ತಾ ಹೋಗು. ಟೇಪು ಬಿಟ್ಟುಕೊಂಡಷ್ಟೂ ಎಡಗೈ ಬೆರಳು ಮುಂದೆ ಮುಂದೆ ಬರಬೇಕು. ಹೊಸದನ್ನು ಹಚ್ಚುವ ಮೊದಲು ಎಣ್ಣೆಯ ಜಿಡ್ಡು ಒರೆಸು, ಇಲ್ಲದಿದ್ದರೆ ನಿಲ್ಲುವುದಿಲ್ಲ. ಎಳೆದು ಹಚ್ಚಿದರೆ ಅಂಚಿನಲ್ಲಿ ನೀರುಗುಳ್ಳೆ ಏಳುತ್ತದೆ, ಸಡಿಲವಾಗಿ ಇಟ್ಟು ಬೆರಳಲ್ಲಿ ಒತ್ತು. ಕೈಕಾಲಿಗಾದರೆ ಗಾಜ್ ಬಟ್ಟೆ ಸುತ್ತಿ, ಟೇಪನ್ನು ಆ ಬಟ್ಟೆಗೇ ಅಂಟಿಸಬಹುದು, ಚರ್ಮದ ತಂಟೆಯೇ ಇಲ್ಲ.

ಅಕಸ್ಮಾತ್ ಸಿಪ್ಪೆ ಎದ್ದರೆ ಕತ್ತರಿಸಲು ಹೋಗಬೇಡ. ಸಲೈನಿನಲ್ಲಿ ತೊಳೆದು, ಸಿಪ್ಪೆಯನ್ನು ಮೆಲ್ಲಗೆ ಇದ್ದ ಜಾಗಕ್ಕೇ ಹಾಸಿ, ಅಂಟದ ಪಟ್ಟಿ ಮುಚ್ಚಿ ಡಾಕ್ಟರಿಗೆ ತೋರಿಸು.

ಇನ್ನೊಂದು. ಬೆನ್ನಿನ ಕೆಳಗಿನ ಮೂಳೆ, ಹಿಮ್ಮಡಿ ಇಂಥ ಕಡೆ ಕೆಂಪು ಕಂಡರೆ ಬೆರಳಲ್ಲಿ ಒತ್ತಿ ನೋಡು. ಬಿಳಿಚಿಕೊಳ್ಳದೆ ಕೆಂಪಾಗಿಯೇ ಉಳಿದರೆ ಅದು ಒದ್ದೆಯ ತೊಂದರೆಯಲ್ಲ, ಒತ್ತುಹುಣ್ಣಿನ ಶುರು. ಮುಲಾಮಿಗೆ ಬಗ್ಗುವುದಲ್ಲ, ಮಗ್ಗುಲು ಬದಲಿಸಬೇಕು. ಅಲ್ಲಿ ಮಾಲೀಶು ಕೂಡದು. ಸಂದಿಯ ಕೆಂಪಿನ ಸುತ್ತ ಸಣ್ಣ ಸಣ್ಣ ಗುಳ್ಳೆ ಚೆಲ್ಲಿಕೊಂಡಿದ್ದರೆ ಫಂಗಸ್ ಇರಬಹುದು, ಅದಕ್ಕೆ ಬೇರೆ ಔಷಧಿ, ಡಾಕ್ಟರನ್ನೇ ಕೇಳು.

ಹಗಲಿಗೆ ಬರುವ ಆ ಹುಡುಗಿಗೂ ಇದನ್ನೆಲ್ಲ ಮಾಡಿ ತೋರಿಸು. ಉಗುರು ಕತ್ತರಿಸಿಕೊಳ್ಳಲಿ. ಅತ್ತೆಯನ್ನು ಮಗ್ಗುಲಿಗೆ ತಿರುಗಿಸುವ ಹೊತ್ತಿಗೆ ನೀವಿಬ್ಬರೂ ಬಳೆ, ಉಂಗುರ ತೆಗೆದಿಡಿ.